ಬಿರಾಗೊ ಕೊಟ್ಟ ನೀರು

ನಮ್ಮೂರ ಅಜ್ಜಿ ಯಾ ಬಿರಾಗೊಳ ಅಂಗಳಕ್ಕೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಸುಟ್ಟ ಕೋಕೋ ಸಿಪ್ಪೆಯ ವಾಸನೆ. ಊರವರು ಕೊಳೆಯಲು ಬಿಟ್ಟ ಕೋಕೋ ಸಿಪ್ಪೆ, ತಾಳೆ ಬೀಜದ ಚಿಪ್ಪು ಎಲ್ಲವನ್ನೂ ಹೊತ್ತು ತರುತ್ತಾಳೆ. ಮುಚ್ಚಿದ ಡ್ರಮ್ಮಿನಲ್ಲಿ ಬೂದಿಯಾಗಗೊಡದೆ ಸುಟ್ಟು, ಆ ಇದ್ದಿಲನ್ನು ಕುಟ್ಟಿ, ತೊಳೆದು, ಮರಳಿನ ಜೊತೆ ಮಡಕೆಗೆ ತುಂಬುತ್ತಾಳೆ. ನದಿ ನೀರಿನ ಪಾದರಸ, ಸೀಸವನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಕೃಷಿ ಕಾಲೇಜಿನವರು ಬಂದು ಕಲಿಸಿದ್ದು ಇದು. ನಾವೆಲ್ಲ ಬೇಸತ್ತು ಬಿಟ್ಟೆವು, ಅವಳು ಬಿಡಲಿಲ್ಲ. ಅವಳಿಂದ ಕೆಲಸ ಮಾಡಿಸುತ್ತಿದ್ದುದು ಸಿಟ್ಟು.

ಸಿಟ್ಟು ತಂಗಿಯ ಮಗ ಟಾವಿಯಾನ ಮೇಲೆ. ಕುಲದ ನದಿದಂಡೆಯನ್ನು ಚಿನ್ನ ತೋಡುವವರಿಗೆ ಮಾರಿದವನು ಅವನೇ. ಅವರು ತೋಡಿದ ಮಣ್ಣು, ಚಿನ್ನ ತೆಗೆಯಲು ಬಳಸಿದ ಪಾದರಸ ಎಲ್ಲ ಸೇರಿ ನೀರು ಕೆಂಪಗೆ ಕದಡಿತು. ಬಿರಾಗೊಳ ಮೊಮ್ಮಗಳು ಸೆಟೆದು ಸೆಟೆದು ಸತ್ತಳು. ನೀರಿನ ವಿಷ ಮಿದುಳಿಗೇರಿದೆ ಎಂದರು ಆಸ್ಪತ್ರೆಯಲ್ಲಿ. ಟಾವಿಯಾ ಮಾತ್ರ, ಬಣ್ಣ ಕೆಟ್ಟಿದೆ ಅಷ್ಟೇ, ನೀರಿಗೇನೂ ಆಗಿಲ್ಲ ಎಂದು ಸಾರಿಕೊಂಡು ತಿರುಗಿದ. ಪಾಪಿಗೆ ನಾಚಿಕೆಯೆಂಬುದೇ ಇಲ್ಲ.

ಹೋದ ವರ್ಷ ಊರ ಮುಖ್ಯಸ್ಥ ತೀರಿಕೊಂಡ. ಅವನ ಪೀಠಕ್ಕೆ ಮುಂದಿನವನ ಹೆಸರು ಹೇಳಬೇಕಾದವಳು ಕುಲದ ಹಿರಿಯ ಹೆಂಗಸು, ಅಂದರೆ ಬಿರಾಗೊ. ಟಾವಿಯಾ ಹಿರಿಯರನ್ನು ಕಟ್ಟಿಕೊಂಡು, ಹೊಸ ಬಟ್ಟೆ ಹೊದ್ದು, ಪೀಠ ಕೇಳಲು ಅವಳ ಮನೆಗೆ ಬಂದ.

ನಮ್ಮಲ್ಲಿ ಬಂದವರಿಗೆ ಮೊದಲು ನೀರು. ಕುಡಿದ ಮೇಲೆಯೇ ಬಂದ ಕಾರಣ ಕೇಳುವುದು. ಕುಡಿಯದವನು ಬಂದ ವಿಷಯ ಎತ್ತುವಂತಿಲ್ಲ. ಬಿರಾಗೊ ಹಿರಿಯರಿಗೆಲ್ಲ ಮಡಕೆಯ ತಿಳಿನೀರು ಕೊಟ್ಟಳು. ಟಾವಿಯಾನ ಕೈಗೆ ಮಾತ್ರ ನದಿಯಿಂದ ತಂದ ಕೆಂಪು ನೀರಿನ ಲೋಟ ಇಟ್ಟಳು.

“ದೊಡ್ಡವ್ವ, ನಂಗೂ ಮಡಕೆ ನೀರೇ ಕೊಡು,” ಎಂದ ಅವನು.

“ಯಾಕಪ್ಪಾ? ಬಣ್ಣ ಅಷ್ಟೇ ಕೆಟ್ಟಿರೋದು ಅಂತ ನೀನೇ ಹೇಳಿದ್ಯಲ್ಲ. ನನ್ನ ಮೊಮ್ಮಗಳು ಇದನ್ನೇ ಕುಡಿದ್ಲು. ನೀನೂ ಲೋಟ ಖಾಲಿ ಮಾಡು, ಪೀಠಕ್ಕೆ ನಿನ್ನ ಹೆಸರೇ ಹೇಳ್ತೀನಿ.”

ಲೋಟ ತುಟಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಅವನು ಮುಖ ಕಿವುಚಿ ಅದನ್ನು ಕೆಳಗಿಟ್ಟ. ಇಷ್ಟು ದಿನ ಆಡಿದ್ದು ಸುಳ್ಳೆಂದು ತಾನೇ ಒಪ್ಪಿಕೊಂಡಂತಾಯಿತು. ಹಿರಿಯರು ಬಂದ ಕಾರಣ ಹೇಳದೆಯೇ ಎದ್ದು ಹೊರಟರು, ಅವನೂ ತಲೆ ತಗ್ಗಿಸಿ ಅವರ ಹಿಂದೆ ನಡೆದ.

ಅಂಗಳದಲ್ಲೇ ನಿಂತು ನೋಡುತ್ತಿದ್ದ ನನಗಂತೂ ಹಾಲು ಕುಡಿದಷ್ಟು ಸಂತೋಷ. ಪೀಠ ಕೈತಪ್ಪಿ ಹೋಯಿತಲ್ಲ ಅವನಿಗೆ, ಇನ್ನೇನು ಬೇಕು ಎಂದೆ. ಬಿರಾಗೊ ತುಂಬಿದ ಲೋಟವನ್ನೇ ನೋಡುತ್ತ ಕೂತಿದ್ದಳು.

“ಪೀಠ ಹಾಳಾಗ್ಲಿ,” ಎಂದಳು. “ಅವನು ಕುಡೀಲಿ ಅಂತಿದ್ದೆ.”