ಹಳ್ಳಕ್ಕೆ ತಿರುವು ಬಿಟ್ಟವರು

ಹಳ್ಳ ಸರಿಪಡಿಸಲು ಶಿಕಾರಿಪುರದ ಕಡೆಯಿಂದ ಜೆಸಿಬಿ ತಂದಿದ್ದ ಆ ಚಾಲಕರು, ಕೆಲಸಕ್ಕೆ ಮುಂಚೆ ಚಪ್ಪಲಿ ಬಿಟ್ಟು ಸುತ್ತಲಿನ ನೆಲವನ್ನೆಲ್ಲ ನಡೆದು ನೋಡುತ್ತಿದ್ದರು. ಪಾದಕ್ಕೆ ಮರಳು ಸಿಕ್ಕಲ್ಲೆಲ್ಲ ಒಂದು ಲಕ್ಕಿ ಗಿಡದ ಕಡ್ಡಿ ನೆಡುತ್ತಿದ್ದರು. ಹಿಂದೆ ನೀರು ಹರಿದಿದ್ದ ದಾರಿ ಅದು.

ಸೊರಬ ಕಡೆಯ ನಮ್ಮೂರಿನ ಆ ಹಳ್ಳವನ್ನು ಹಗ್ಗ ಹಿಡಿದು ನೇರ ಮಾಡಿಸಿದವನು ನಾನೇ. ಡ್ರಿಲ್ ಮೇಷ್ಟ್ರಾಗಿದ್ದ ನನಗೆ ಸೊಟ್ಟಗಿದ್ದದ್ದು ಕಂಡರೆ ಆಗುತ್ತಿರಲಿಲ್ಲ. ಜೊತೆಗೆ ನನ್ನ ಗದ್ದೆಯೂ ಅಗಲವಾಯಿತು. ಆಮೇಲೆ ಮಳೆ ಜೋರಾದಾಗಲೆಲ್ಲ ನೀರು ನೇರವಾಗಿ ನುಗ್ಗಿ, ಕೆಳಗಿನ ಮನೆಯ ಅಕ್ಕನ ಒಲೆಯನ್ನು ಮುಳುಗಿಸುತ್ತಿತ್ತು.

ಚಾಲಕರ ಕಡ್ಡಿಗಳು ನನ್ನ ಗದ್ದೆಯೊಳಕ್ಕೇ ಬಂದವು.

“ಇದೇನ್ರೀ, ಹಾವು ಹರಿದಂಗೆ?” ಎಂದು ಗದರಿದೆ.

“ನೀರಿಗೂ ಹೊರಳೋಕೆ ಜಾಗ ಬೇಕ್ರೀ ಮೇಷ್ಟ್ರೇ.” ದಿನಕ್ಕೆ ಹತ್ತು ಸಲ ಅವರು ಹೇಳುತ್ತಿದ್ದ ಮಾತು ಅದೇ. “ಅದನ್ನೂ ಸಾಲಲ್ಲಿ ನಿಲ್ಸಿ ಅಟೆನ್ಷನ್ ಅಂತೀರೇನು?”

ಬದುವಿನ ಮೇಲೆ ನಿಂತಿದ್ದ ಅಕ್ಕ ನಕ್ಕರು. ನಾನು ನಗಲಿಲ್ಲ. ಆದರೂ ಬದು ಒಡೆಯಲು ಒಪ್ಪಿದೆ. ದಂಡೆಯ ಕೇದಗೆ ಪೊದೆಗೆ ಮಾತ್ರ ಅವರು ಯಂತ್ರ ತಾಗಿಸಲಿಲ್ಲ. ಮಣ್ಣನ್ನು ಅದೇ ಹಿಡಿಯುತ್ತದೆ ಎಂದರು.

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ನಾನು ಹಿಂದೆಂದೂ ಕಾಣದಂಥ ಮಳೆ ಸುರಿಯಿತು. ನೀರು ತಿರುವಿನಲ್ಲಿ ನಿಧಾನವಾಗಿ, ನನ್ನ ಗದ್ದೆಯ ಮೂಲೆಯಲ್ಲಿ ಹರಡಿ ನಿಂತಿತು. ಮಳೆ ಬಿಟ್ಟ ಮೇಲೆ ಕೆಳಗಿನ ಮನೆಗೆ ಓಡಿದೆ. ಅಷ್ಟರಲ್ಲಿ ಚಾಲಕರ ಫೋನ್ ಬಂತು. ಕೃತಜ್ಞತೆ ಹೇಳಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡರು.

“ಒಲೆ ಉರೀತೈತೆ ಕಣೋ ತಮ್ಮಾ. ಕಾಫಿಗೆ ಬಾ.”