ಭೀಮವ್ವ ಮುಂಬಯಿಗೆ ಹೋದದ್ದು

ಭೀಮವ್ವನಿಗೆ ಮುಂಬಯಿ ತೋರಿಸಬೇಕೆಂಬ ಹುಕಿ ಮೊದಲು ಹುಟ್ಟಿದ್ದು ಮಲಕಪ್ಪನಿಗೆ. ಮಲಕಪ್ಪನಿಗೆ ಹುಕಿ ಹುಟ್ಟಿದರೆ ಅದರ ದಣಿವು ಬೇರೆಯವರ ಪಾಲಿಗೆ ಬರುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೂಂ ಎಂದೆ.

ಭೀಮವ್ವ ಪುಣೆಯ ರವಿವಾರ ಪೇಠೆಯಲ್ಲಿ, ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬಾಗಲಕೋಟೆಯ ಕಡೆಯವಳು. ಗಂಡ ಇಲ್ಲಿಯ ಬೆಲ್ಲದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ದೊಡ್ಡ ಜ್ವರದ ವರ್ಷ ಅವನು ಹೋದ ಮೇಲೆ ಅವನ ಜೊತೆ ಕೆಲಸ ಮಾಡುತ್ತಿದ್ದ ಕನ್ನಡ ಮಂದಿ ನಾಲ್ಕು ಜನ ಬಂದು, ನಮಗೆ ರೊಟ್ಟಿ ಮಾಡಿ ಹಾಕು, ನಿನ್ನ ಹೊಟ್ಟೆಯೂ ನಡೆಯುತ್ತದೆ ಎಂದರಂತೆ. ಅಂದು ಹೊತ್ತಿಸಿದ ಒಲೆ. ಮಗಳು ದೊಡ್ಡವಳಾಗಿ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದಳು, ನಾಲ್ಕು ಜನ ಮೂವತ್ತು ಜನರಾದರು, ಒಲೆ ಮಾತ್ರ ಆರಲಿಲ್ಲ. ನಾನು ಲೆಕ್ಕಪತ್ರದ ಕಚೇರಿಯ ಕಾರಕೂನನಾಗಿ ಪುಣೆಗೆ ಬಂದು ಅವಳ ಪಂಕ್ತಿಯಲ್ಲಿ ಕೂತಾಗ ಅವಳು ರೊಟ್ಟಿ ಬಡಿಯುವ ಸಪ್ಪಳ ವಾಡೆಯವರಿಗೆಲ್ಲ ಗಡಿಯಾರದಂತೆ ಆಗಿಹೋಗಿತ್ತು.

ನಳಕ್ಕೆ ನೀರು ಬರುವ ಮೊದಲೇ ಅವಳು ಎದ್ದಿರಬೇಕು, ಏಕೆಂದರೆ ತಡವಾದರೆ ವಾಡೆಯ ಹೆಂಗಸರ ಸಾಲು ಬೆಳೆಯುತ್ತದೆ. ಆಮೇಲೆ ಜೋಳ ಬೀಸುವುದು, ಹಿಟ್ಟು ನಾದುವುದು, ರೊಟ್ಟಿ, ಪಲ್ಲೆ, ಪಾತ್ರೆ. ಮಧ್ಯಾಹ್ನ ಗೋಡೆಗೆ ಒರಗಿದರೆ ಯಾವನೋ ಒಬ್ಬ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಬಂದು, "ಅವ್ವಾ, ಏನರ ಉಳದೈತೇನ?" ಎನ್ನುತ್ತಿದ್ದ. ಆ ಯಾವನೋ ಒಬ್ಬ ಎಷ್ಟೋ ಸಲ ನಾನೇ.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆ ಬಂತು. ಖಾನಾವಳಿಯ ಮಂದಿ ಎಲ್ಲ ತಮ್ಮ ತಮ್ಮ ಊರಿಗೆ ಹೋಗಿ ನಾವು ಮೂವರು ಉಳಿದೆವು: ಮಲಕಪ್ಪ, ಸಿದ್ರಾಮಪ್ಪ ಮತ್ತು ನಾನು. ಮಲಕಪ್ಪ ಅರಿವೆ ಅಂಗಡಿಯಲ್ಲಿ ಮಾರಾಟದವನು, ಬಾಯಿ ದೊಡ್ಡದು. ಸಿದ್ರಾಮಪ್ಪ ನನ್ನ ಕಚೇರಿಯವನೇ, ಹೆಡ್‌ಕ್ಲಾರ್ಕನ ಹೆಸರು ಕೇಳಿದರೆ ನೀರು ಕುಡಿಯುವ ಮನುಷ್ಯ.

"ಅವ್ವಾ, ಇಷ್ಟ ವರ್ಷ ನಮಗ ಮಾಡಿ ಹಾಕಿದಿ. ಈ ಸಲ ನಿನಗ ಮುಂಬೈ ತೋರಸ್ತೀವಿ. ಮೂರು ದಿನ ನೀ ಒಲಿ ಮುಟ್ಟಾಂಗಿಲ್ಲ" ಎಂದ ಮಲಕಪ್ಪ.

ಪಕ್ಕದ ಮನೆಯ ಗೌರಾಬಾಯಿ, ಕಿರಾಣಿ ವ್ಯಾಪಾರಿಯ ಹೆಂಡತಿ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅವರು ಮೂರು ಸಲ ಮುಂಬಯಿ ಕಂಡವರು. ಆ ಹೆಮ್ಮೆ ವಾಡೆಯಲ್ಲಿ ಎಲ್ಲರಿಗೂ ಪರಿಚಯವಿತ್ತು. "ಹೋದರ ಮಹಾಲಕ್ಷ್ಮಿ ಗುಡಿ ಬಿಡಬ್ಯಾಡವಾ. ರಾಣೀಬಾಗ ನೋಡು, ಹುಲಿ ಅದಾವ. ದೋಣ್ಯಾಗ ಕೂಡು. ಚೌಪಾಟಿ ಮ್ಯಾಲೆ ಹೊತ್ತು ಮುಳಗೂದು ನೋಡದಿದ್ರ ಮುಂಬೈ ನೋಡಿದಂಗಲ್ಲ" ಎಂದು ಒಂದೇ ಉಸಿರಿಗೆ ಹೇಳಿದರು.

ಭೀಮವ್ವ ಎಲ್ಲ ಕೇಳಿದಳು. ಆಮೇಲೆ ಹಿಟ್ಟಿನ ಕೈ ತೊಳೆಯುತ್ತ, "ನನಗೇನೂ ನೋಡೂದಿಲ್ಲ ತಮ್ಮಾ. ಒಂದು ಕಡೆ ಮಕ್ಕೊಂಡ್ರ ನಾನಾಗಿ ಏಳೂತನಾ ಯಾರೂ ಎಬ್ಬಸಬಾರದು. ಅಷ್ಟಾದರ ಬರ್ತೀನಿ" ಎಂದಳು.

ನಾವು ನಕ್ಕೆವು. ಗೌರಾಬಾಯಿಯವರೂ ನಕ್ಕರು. ಮಲಗುವುದಕ್ಕೆ ಯಾರಾದರೂ ಮುಂಬಯಿಗೆ ಹೋಗುತ್ತಾರೆಯೇ?

ಹೊರಡುವ ಬೆಳಿಗ್ಗೆ ನೋಡಿದರೆ ಅವಳ ಪಕ್ಕದಲ್ಲಿ ಒಂದು ಗಂಟು. ಕಟಕ ರೊಟ್ಟಿ, ಶೇಂಗಾ ಹಿಂಡಿ. ಹಿಂದಿನ ರಾತ್ರಿ ಕೂತು ಬಡಿದದ್ದು. "ದಾರ್ಯಾಗ ನಿಮಗ ಹಸಿವಾದರ?" ಎಂದಳು. ಒಲೆ ಮುಟ್ಟಬಾರದೆಂಬ ಕರಾರು ಗಾಡಿ ಹತ್ತುವ ಮೊದಲೇ ಹೀಗೆ ಮುರಿಯಿತು. ಆ ರೊಟ್ಟಿಯನ್ನು ನಾವು ಲೋಣಾವಳ ಬರುವ ಮೊದಲೇ ತಿಂದು ಮುಗಿಸಿದೆವೆಂಬುದನ್ನೂ ಹೇಳಿಬಿಡುತ್ತೇನೆ.

ಗಾಡಿ ತೂಗಹತ್ತಿದೊಡನೆ ಭೀಮವ್ವನ ಕಣ್ಣು ಮುಚ್ಚಿದವು. ಮಲಕಪ್ಪ ಬಿಡಬೇಕಲ್ಲ. "ಅವ್ವಾ, ಘಾಟ ಬಂತು, ನೋಡು." ನೋಡಿದಳು. "ಅವ್ವಾ, ಬೋಗದಾ." ಸುರಂಗದೊಳಗೆ ಏನು ನೋಡುವುದು, ಕತ್ತಲೆ. ಅದಕ್ಕೂ ಎಬ್ಬಿಸಿದ. ಪ್ರತಿ ಸಲ ಅವಳು, "ಹೌದಪ್ಪಾ, ಭಾಳ ಚಂದ ಅದ" ಎಂದು ಅವನ ಸಮಾಧಾನಕ್ಕೆ ಹೇಳಿ ಮತ್ತೆ ಕಣ್ಣು ಮುಚ್ಚುತ್ತಿದ್ದಳು.

ನಮ್ಮ ವಸತಿ ದಾದರದ ಒಂದು ಚಾಳಿನಲ್ಲಿ, ಸಿದ್ರಾಮಪ್ಪನ ಮಾವನ ಮಗ ಈರಬಸಪ್ಪನ ಖೋಲಿಯಲ್ಲಿ. ಈರಬಸಪ್ಪನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆ ಖಾಲಿ, ಯಾರಿಗೂ ತೊಂದರೆಯಿಲ್ಲ ಎಂದು ನಾವು ಖುಷಿಪಟ್ಟಿದ್ದೆವು. ಹೆಂಗಸಿಲ್ಲದ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರೆಂಬ ಪ್ರಶ್ನೆ ನಮ್ಮ ಮೂವರ ತಲೆಗೂ ಹೊಳೆದಿರಲಿಲ್ಲ. ಓದಿದ ತಲೆಗಳು.

ಈರಬಸಪ್ಪ ಕೈಮುಗಿದು ಸ್ವಾಗತಿಸಿದ. "ಏನ ಹೇಳ್ಲಿ ಅವ್ವಾರ, ಮೂರು ತಿಂಗಳಾತು ಬಿಸಿ ರೊಟ್ಟಿ ಕಂಡು. ಇಲ್ಲಿ ಹೊಟೇಲದ ಅನ್ನ ಉಂಡು ಹೊಟ್ಟಿ ಹಾಳಾಗೇದ" ಎಂದ. ಕೇಳಿದ್ದೇನೂ ಅಲ್ಲ, ಸುಮ್ಮನೆ ಹೇಳಿದ. ಹಾಗೆ ಸುಮ್ಮನೆ ಹೇಳುವುದು ನಮ್ಮ ಕಡೆಯ ಗಂಡಸರಿಗೆ ಹುಟ್ಟಿನಿಂದ ಬರುತ್ತದೆ. ಭೀಮವ್ವ ಆರಿದ ಒಲೆಯ ಕಡೆ ಒಮ್ಮೆ ನೋಡಿದಳು, ಹಾಸಿಟ್ಟ ಚಾಪೆಯ ಕಡೆ ಒಮ್ಮೆ ನೋಡಿದಳು. ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು.

ನಾವು ಬೇಡವೆನ್ನಬೇಕಾಗಿತ್ತು. ಬಿಸಿ ರೊಟ್ಟಿಯ ವಾಸನೆ ಬಂದ ಮೇಲೆ ಯಾರೂ ಬೇಡವೆನ್ನಲಿಲ್ಲ.

ನೋಡುವ ಜಾಗವನ್ನು ನಾವು ಒಬ್ಬೊಬ್ಬರು ಒಂದೊಂದು ಆರಿಸಿಕೊಂಡಿದ್ದೆವು. ಮರುದಿನ ಸಿದ್ರಾಮಪ್ಪನ ಇಷ್ಟದಂತೆ ರಾಣೀಬಾಗ. ನಸುಕಿನಲ್ಲೇ ಎದ್ದು ನಮಗೆಲ್ಲ ಮಾಡಿಟ್ಟು ಬಂದಿದ್ದಳು ಭೀಮವ್ವ. ಆನೆ ನೋಡಿದ ಮೇಲೆ ಒಂದು ಕಲ್ಲಿನ ಬೆಂಚು ಸಿಕ್ಕಿತು, ಕೂತಳು, ಕತ್ತು ವಾಲಿತು. ಸಿದ್ರಾಮಪ್ಪ ಓಡುತ್ತ ಬಂದ. "ಅವ್ವಾ, ಏಳು ಏಳು, ಹುಲಿ ಇಲ್ಲೇ ಅದ." ಹೋಗಿ ನೋಡಿದರೆ ಹುಲಿ ಪಂಜರದ ಮೂಲೆಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಭೀಮವ್ವ ಕಂಬಿ ಹಿಡಿದು ಬಹಳ ಹೊತ್ತು ನಿಂತಳು. ಮುಂಬಯಿಯಲ್ಲಿ ಅವಳು ಅಷ್ಟು ಮನಸ್ಸಿಟ್ಟು ನೋಡಿದ್ದು ಅದೊಂದನ್ನೇ.

"ಇದನ್ನ್ಯಾರೂ ಎಬ್ಬಸಾಂಗಿಲ್ಲೇನ?" ಎಂದು ಕಾವಲುಗಾರನ ಕಡೆ ಕೈ ತೋರಿಸಿ ನನ್ನನ್ನು ಕೇಳಿದಳು.

"ಹುಲೀನ ಯಾರು ಎಬ್ಬಸ್ತಾರವ್ವಾ?" ಎಂದೆ.

"ಹೌದಲ್ಲ" ಎಂದಳು.

ಆ ಮಾತು ನನಗೆ ನಾಟಿತು. ಅಂದು ಸಂಜೆಯೇ ಅವಳನ್ನು ಮಲಗಲು ಬಿಡಬೇಕೆಂದುಕೊಂಡೆ. ಆದರೆ ಖೋಲಿಗೆ ಬಂದರೆ ಈರಬಸಪ್ಪ ತನ್ನ ಪೇಟೆಯ ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ಕೂತಿದ್ದ. ಇಂಥ ರೊಟ್ಟಿ ಮುಂಬಯಿಯಲ್ಲಿ ಸಿಗುವುದಿಲ್ಲವೆಂದು ಅವರಿಗೆ ಹೇಳಿಬಿಟ್ಟಿದ್ದನಂತೆ. ಮೂರನೆಯ ದಿನ ಬೆಳಿಗ್ಗೆ ಮತ್ತೆ ಅವರೇ, ಜೊತೆಗೊಬ್ಬ ಹೊಸಬ. ಮಲಕಪ್ಪನ ಇಷ್ಟದ ದೋಣಿಯ ತಿರುಗಾಟಕ್ಕೆ ನಾವು ಮೂವರೇ ಹೋದೆವು. "ನೀವು ಹೋಗಿ ಬರ್ರಿ, ಇವರಿಗೆ ಹಾಕಿ ಒಂದೀಟು ಅಡ್ಡಾಗ್ತೀನಿ" ಎಂದಿದ್ದಳು. ತಿರುಗಿ ಬಂದಾಗ ಪಾತ್ರೆ ತಿಕ್ಕುತ್ತಿದ್ದಳು. ದೋಣಿಯ ವರ್ಣನೆಗೆ ಬಾಯಿ ತೆರೆದ ಮಲಕಪ್ಪ ಅವಳ ಮುಖ ನೋಡಿ ಬಾಯಿ ಮುಚ್ಚಿದ. ಅವಳ ಕಣ್ಣು ಕೆಂಪಾಗಿದ್ದವು, ಮಾತಿಗೆ ಉತ್ತರ ಕೊಡುವಾಗ ಪದಗಳು ತಡವಾಗಿ ಬರುತ್ತಿದ್ದವು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಯಾರ ಮೇಲೆಂದು ಕೇಳಿದರೆ ಎಲ್ಲರ ಮೇಲೂ.

ಅಂದು ಸಂಜೆಯ ಗಾಡಿಗೆ ನಾವು ಪುಣೆಗೆ ಮರಳಬೇಕು. ಮರುದಿನ ಕಚೇರಿ ಸುರು, ಖಾನಾವಳಿಯ ಮಂದಿಯೂ ಬೆಳಿಗ್ಗೆ ರೊಟ್ಟಿಗೆ ಬಂದು ಕೂಡುವವರು. ಗಾಡಿಗೆ ಮೊದಲು ಚೌಪಾಟಿಯಲ್ಲಿ ಹೊತ್ತು ಮುಳುಗುವುದನ್ನು ನೋಡುವುದು ನನ್ನ ಆಯ್ಕೆಯಾಗಿತ್ತು. ಮಧ್ಯಾಹ್ನ ಇಳಿಯುತ್ತಲೇ ಗಂಟುಮೂಟೆ ಸಮೇತ ಟ್ರಾಮು ಹತ್ತಿ ಅಲ್ಲಿ ಇಳಿದೆವು.

ಭೀಮವ್ವ ಉಸುಕಿನ ಮೇಲೆ ಕಾಲು ಚಾಚಿ ಕೂತು ಸಮುದ್ರ ನೋಡಿದಳು. ನೋಡಿದಳೆನ್ನುವುದಕ್ಕಿಂತ ಕೇಳಿದಳೆನ್ನಬೇಕು. ತೆರೆ ಬಂದು ಹೋಗುವ ಸಪ್ಪಳಕ್ಕೆ ಕಿವಿಗೊಟ್ಟು ಹೇಳಿದಳು: "ಜ್ವಾಳಾ ಬೀಸಿದಂಗ ಕೇಳ್ತದ ನೋಡು. ಸಣ್ಣಾಕಿದ್ದಾಗ ನಮ್ಮವ್ವ ಬೀಸುವಾಗ ಆಕಿ ತೊಡಿ ಮ್ಯಾಲ ಮಕ್ಕೋತಿದ್ದೆ. ಬೀಸಾಕಿ ಬ್ಯಾರೆ ಇದ್ದಳು, ನನಗೇನು."

ಅಷ್ಟು ಹೇಳಿ ಗಂಟಿನ ಮೇಲೆ ತಲೆಯಿಟ್ಟಳು. ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಕೈ ಅರ್ಧಕ್ಕೇ ನಿಂತಿತು. ನಿದ್ದೆ ಬಂದಿತ್ತು.

ನಾವು ಸುತ್ತ ಕೂತೆವು. ಕಡಲೆ ಮಾರುವವನು ಕೂಗುತ್ತ ಬಂದ, ಮಲಕಪ್ಪ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಆಚೆ ಕಳಿಸಿದ. ತಲೆ ತಿಕ್ಕುವವನು ಎಣ್ಣೆಯ ಬಾಟಲಿ ಬಡಿಯುತ್ತ ಬಂದ, ಅವನನ್ನು ಸಿದ್ರಾಮಪ್ಪ ಅಟ್ಟಿದ. ಚೆಂಡಾಡುವ ಹುಡುಗರಿಗೆ ನಾನು ಕಣ್ಣು ಕೆಕ್ಕರಿಸಿದೆ. ಹೊತ್ತು ಇಳಿಯಿತು, ನೀರು ಕೆಂಪಾಯಿತು, ಇಡೀ ದಂಡೆಯ ಜನ ಎದ್ದು ಪಡುವಣಕ್ಕೆ ಮುಖ ಮಾಡಿತು.

"ಎಬ್ಬಸೋಣೇನ? ಇದಕ್ಕಲ್ಲೇನ ಕರಕೊಂಡ ಬಂದದ್ದು?" ಎಂದ ಮಲಕಪ್ಪ. ಕೈ ಮುಂದೆ ಮಾಡಿದ್ದ.

"ಮಲಕಪ್ಪಾ, ಕೈ ಹಚ್ಚಿದಿ ಅಂದ್ರ ಇವತ್ತಿನಿಂದ ನೀ ಯಾರೋ ನಾ ಯಾರೋ" ಎಂದೆ.

ಕೈ ಹಿಂದೆ ತೆಗೆದುಕೊಂಡ. ಸೂರ್ಯ ಮುಳುಗಿದ. ನಾನು ಆರಿಸಿದ ನೋಟಕ್ಕೆ ನಾನೇ ಬೆನ್ನು ಮಾಡಿ ಕೂತಿದ್ದೆ, ಅವಳ ಮುಖಕ್ಕೆ ಬಿಸಿಲು ಬೀಳದಿರಲೆಂದು.

ಆಮೇಲೆ ಸಿದ್ರಾಮಪ್ಪನ ಸರದಿ. "ಗಾಡಿ ತಪ್ಪತದೋ. ನಾಳೆ ತಡಾ ಆದರ ಹೆಡ್‌ಕ್ಲಾರ್ಕ ನನ್ನ ಉಳಸೂದಿಲ್ಲ" ಎಂದು ಕಿವಿಯಲ್ಲಿ ಹೇಳಿದ. ಅವನ ಭಯ ಸುಳ್ಳಲ್ಲ, ಆ ಮನುಷ್ಯ ನನ್ನನ್ನೂ ಉಳಿಸುತ್ತಿರಲಿಲ್ಲ. "ಹಂಗಾರ ನೀ ಎಬ್ಬಸು" ಎಂದೆ. ಸಿದ್ರಾಮಪ್ಪ ಭೀಮವ್ವನ ಹತ್ತಿರ ಹೋಗಿ ಬಗ್ಗಿದ. ಹಾಗೇ ಬಗ್ಗಿಕೊಂಡು ನಿಂತ. ಅವಳ ಬಾಯಿ ತುಸು ತೆರೆದಿತ್ತು, ಹೊಗೆಯಲ್ಲಿ ಇಷ್ಟು ವರ್ಷ ಕಿರಿದಾಗಿದ್ದ ಕಣ್ಣುಗಳ ಸುತ್ತಿನ ಗೆರೆಗಳೆಲ್ಲ ಸಡಿಲಾಗಿದ್ದವು. ಅವನು ತಿರುಗಿ ಬಂದು ನನ್ನ ಪಕ್ಕ ಕೂತು, "ಹೋಗ್ಲಿ ಬಿಡು" ಎಂದ. ಅಷ್ಟು ಧೈರ್ಯದ ಮಾತನ್ನು ಅವನ ಬಾಯಲ್ಲಿ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಗಾಡಿ ಹೋಯಿತು. ರಸ್ತೆಯ ದೀಪ ಹತ್ತಿದ ಮೇಲೆ ಭೀಮವ್ವ ತಾನಾಗಿಯೇ ಎದ್ದು ಕೂತಳು. "ನಳಾ ಬಂತೇನ?" ಎಂದಳು ಗಾಬರಿಯಿಂದ. ಆಮೇಲೆ ಸಮುದ್ರ ಕಂಡಿತು, ನಾವು ಕಂಡೆವು. ಉಸುಕು ಜಾಡಿಸಿಕೊಂಡು, "ಹೊತ್ತ ಮುಳಗೇ ಬಿಟ್ಟದ. ನೀವು ಕುಂತೇ ಇದ್ರೇನ?" ಎಂದಳು. ಮೂವರ ತಲೆಯ ಮೇಲೂ ಒಂದೊಂದು ಸಲ ಕೈಯಿಟ್ಟಳು.

ಆಮೇಲಿನ ರಾತ್ರಿ ಗಾಡಿಯಲ್ಲಿ ಜಾಗ ಸಿಗದೆ ನಾವು ನಿಂತುಕೊಂಡೇ ಬಂದೆವು. ವಾಡೆ ಮುಟ್ಟಿದಾಗ ನಳಕ್ಕೆ ನೀರು ಬರುವ ಹೊತ್ತು. ಭೀಮವ್ವ ಗಂಟನ್ನು ಕಟ್ಟೆಯ ಮೇಲಿಟ್ಟು ನೆಟ್ಟಗೆ ಕೊಡ ತಂದಳು. ಸಾಲಿನಲ್ಲಿ ಮುಂದೆ ಗೌರಾಬಾಯಿಯವರಿದ್ದರು. ನಾನು ಮುಖ ತೊಳೆಯಲು ತಂಬಿಗೆ ಹಿಡಿದು ನಿಂತಿದ್ದೆ.

"ಬಂದೇನವಾ? ಏನೇನ ನೋಡಿದಿ?" ಎಂದು ಕೇಳಿದರು.

"ಹುಲಿ ನೋಡಿದೆರೀ ಬಾಯಾರ. ಮಕ್ಕೊಂಡಿತ್ತು."

"ಮಹಾಲಕ್ಷ್ಮಿ ಗುಡಿ? ದೋಣಿ?"

"ಇಲ್ರೀ."

"ಹೊತ್ತು ಮುಳಗೂದು?"

"ಅದೂ ಇಲ್ರೀ. ಸಮುದ್ರದ ದಂಡಿಗೆ ಮಕ್ಕೊಂಡಿದ್ದೆ. ನಾನಾಗಿ ಏಳೂತನಾ ಯಾರೂ ಎಬ್ಬಸಲಿಲ್ಲ."

ಈಗ ನಗುತ್ತಾರೆ, ಇಡೀ ವಾಡೆಗೆ ಹೇಳಿಕೊಂಡು ತಿರುಗುತ್ತಾರೆ ಎಂದುಕೊಂಡೆ. ಗೌರಾಬಾಯಿಯವರು ನಗಲಿಲ್ಲ. ಅವರ ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು.

"ಯಾರೂ ಎಬ್ಬಸಲಿಲ್ಲ?" ಎಂದು ಮತ್ತೆ ಕೇಳಿದರು.

"ಯಾರೂ ಇಲ್ರೀ."

ಅವರು ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. ಹೋಗಲಿಲ್ಲ. "ನಾ ಮೂರು ಸಲ ಹೋಗೀನಿ ಭೀಮವ್ವಾ. ಮೂರೂ ಸಲ ಬಗಲಾಗ ಒಂದು ಕೂಸು, ಕೈಯಾಗ ಒಂದು ಬುತ್ತಿ" ಎಂದರು. ಕೊಡವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ನೀ ನೋಡಿದ ಮುಂಬೈ ನಾ ಇನ್ನೂ ನೋಡಿಲ್ಲವಾ" ಎಂದರು.