ಮಾರಿಸ್ ಕಾರಿನ ಎಡಗೈ

ತೇಜಸ್‌ಗೆ ಕರೆಂಟಿನ ವಿದ್ಯೆ ಚೆನ್ನಾಗಿ ಗೊತ್ತು ಎನ್ನುವುದನ್ನು ನಂಬಿದ್ದವನು ಅವನೊಬ್ಬನೇ. ಕುಶಾಲನಗರದ ಹತ್ತಿರ ಶುಂಠಿ ಬೆಳೆಯುವ ಅವನಪ್ಪ ಸಣ್ಣಸ್ವಾಮಿ, ಮಗ ಐಟಿಐ ಮುಗಿಸಿ ಬಂದ ವಾರವೇ ಮೋಟರ್ ರಿಪೇರಿಗೆ ಪಕ್ಕದೂರಿನವರನ್ನು ಕರೆಸಿದ್ದರು. ಈಗ ಮಡಿಕೇರಿಯ ಬೆಳ್ಯಪ್ಪನವರ ಬ್ಯಾಟರಿ ಅಂಗಡಿಯಲ್ಲಿ ತಿಂಗಳ ಸಂಬಳದ ಕೆಲಸ. ಊರವರ ಗಾಡಿಗಳ ಲೈಟು, ಹಾರನ್ನು ಸರಿಮಾಡುವವನ ಸ್ವಂತ ಸ್ಕೂಟರಿನ ಇಂಡಿಕೇಟರ್ ಸತ್ತು ಆರು ತಿಂಗಳಾಗಿತ್ತು. ತಿರುಗುವಾಗ ಕೈ ಚಾಚುತ್ತಿದ್ದ. ಅವನು ಯಾವ ಕಡೆ ತಿರುಗುತ್ತಾನೆಂದು ಕಾದು ನೋಡುವವರು ಹೇಗೂ ಯಾರೂ ಇರಲಿಲ್ಲ.

ಗೋಮತಿ ಟೀಚರ ಹಳೇ ಮಾರಿಸ್ ಕಾರು ಅವನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ್ದರಿಂದ. ಅದರ ವೈರಿಂಗ್ ಬಲ್ಲ ಮಿಸ್ತ್ರಿಗಳೆಲ್ಲ ಕೆಲಸ ಬಿಟ್ಟಿದ್ದರು, ಇಲ್ಲವೆ ಲೋಕವನ್ನೇ ಬಿಟ್ಟಿದ್ದರು.

“ಗುರುವಾರ ಮಾರಿಹೋಗುವ ಕಾರಿಗೆ ಎಂತ ರಿಪೇರಿ ಟೀಚರ್?” ಎಂದು ಬೆಳ್ಯಪ್ಪ ಫೋನಿನಲ್ಲಿ ಕೇಳಿದ್ದರು. “ಶ್ರೀಮಂಗಲದ ಹೋಂಸ್ಟೇಯವರು ಅದನ್ನು ಓಡಿಸ್ಲಿಕ್ಕೆ ತಗೊಳ್ಳುವುದಲ್ಲ. ಗಾರ್ಡನ್‌ನಲ್ಲಿ ನಿಲ್ಲಿಸಿ ಬಾನೆಟ್ ತುಂಬ ಹೂ ನೆಡ್ತಾರೆ.”

“ಹೂವಾದ್ರೂ ನೆಡಲಿ, ಏಲಕ್ಕಿಯಾದ್ರೂ ನೆಡಲಿ. ಅದು ಹೋಗೋ ಮೊದಲು ಒಂದು ಸಲ ನಮ್ಮ ಗೇಟಿನ ತಿರುವಿನಲ್ಲಿ ಎಡಗಡೆ ಕೈ ಏಳ್ಬೇಕು. ಅಷ್ಟೇ ನನಗೆ.”

ಕೈ ಅಂದರೆ, ಮಿನುಗುವ ಇಂಡಿಕೇಟರ್ ಬರುವ ಮೊದಲಿನ ಏರ್ಪಾಡು. ಬಾಗಿಲ ಹಿಂದಿನ ಕಂಬದೊಳಗೆ ಗೇಣುದ್ದದ ಪಟ್ಟಿ ಅಡಗಿರುತ್ತದೆ. ಸ್ವಿಚ್ ತಿರುಗಿಸಿದರೆ ಅದು ಹೊರಗೆದ್ದು, ಕಿತ್ತಳೆ ಬೆಳಕು ಹೊತ್ತು ನಿಲ್ಲುತ್ತದೆ. ಈ ಕಾರಿನಲ್ಲಿ ಬಲಗೈ ಏಳುತ್ತಿತ್ತು, ಎಡಗೈ ಮಾತ್ರ ಮಲಗಿತ್ತು. ಕಾರು ನಿಲ್ಲುವ ಶೆಡ್ಡಿನ ಜಾಗದಲ್ಲಿ ಟೀಚರ ಮಗಳು ವಿಭಾ ಟ್ಯೂಷನ್ ರೂಮು ಕಟ್ಟಿಸುವವಳಿದ್ದಳು. ಗುರುವಾರ ಹತ್ತಕ್ಕೆ ಲಾರಿ ಬರುವುದಿತ್ತು.

ಮಂಗಳವಾರ ಹೊಸ ಬ್ಯಾಟರಿಯೊಂದಿಗೆ ಹೋದ ತೇಜಸ್ ಮೊದಲು ಮಾಡಿದ ಕೆಲಸ, ಹಿಂದಿನವರ ತಪ್ಪನ್ನು ತಿದ್ದಿದ್ದು. ಯಾರೋ ದಡ್ಡರು ಪ್ಲಸ್ ವೈರನ್ನು ಗಾಡಿಯ ಮೈಗೆ ಬಿಗಿದಿದ್ದರು. ಅವನು ಅದನ್ನು ಅದಲು ಬದಲು ಮಾಡಿ ಹೆಡ್‌ಲೈಟ್ ಹಾಕಿದ. ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ಮುಳ್ಳು ಪ್ಲಸ್ ಕಡೆಗೆ ವಾಲಿತು.

“ನೋಡಿ ಟೀಚರ್, ಬ್ಯಾಟರಿ ಹೆಂಗ್ ಚಾರ್ಜ್ ಆಗ್ತೈತೆ!”

ಗೋಮತಿ ಟೀಚರ್ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕನ್ನಡಕ ಏರಿಸಿ ನೋಡಿದರು. “ಎಂಜಿನ್ ಆಫ್ ಇದೆಯಲ್ಲ ಮಾರಾಯ. ಚಾರ್ಜ್ ಯಾರು ಮಾಡ್ತಿದ್ದಾರೆ, ನಿಮ್ಮಜ್ಜನಾ?”

ತೇಜಸ್ ಮುಳ್ಳನ್ನು ನೋಡಿದ, ಬ್ಯಾಟರಿಯನ್ನು ನೋಡಿದ.

“ಈ ಕಾರಿಗೆ ಪ್ಲಸ್ಸೇ ಅರ್ತ್, ಅದನ್ನೇ ಮೈಗೆ ಬಿಗಿಯೋದು. ಆಗಿನ ಕಾಲದ್ದು ಹಾಗೇ. ಬ್ಯಾಟರಿ ಪೆಟ್ಟಿಗೆ ಮೇಲೆ ಇವರು ಬರೆದಿಟ್ಟಿದ್ದಾರಲ್ಲ, ನಿನ್ನಂಥವರು ಬರ್ತಾರೆ ಅಂತ ಗೊತ್ತಿತ್ತೋ ಏನೋ.”

ಧೂಳು ಒರೆಸಿದರೆ ಬಿಳಿ ಪೇಂಟಿನ ದುಂಡು ಅಕ್ಷರಗಳು ಕಂಡವು. ಮೂರು ವರ್ಷದ ಹಿಂದೆ ತೀರಿಕೊಂಡ ಟೀಚರ ಗಂಡ ನಾಗೇಶ್ವರ ಮೇಷ್ಟ್ರು ಅಲ್ಲಿಂದಲೇ ಕಿವಿ ಹಿಂಡಿದಂತಾಯಿತು.

ಬುಧವಾರ ತೇಜಸ್ ಬ್ಯಾಟರಿ ವೈರುಗಳನ್ನು ಮತ್ತೆ ಮೊದಲಿನಂತೆ ಬಿಗಿದು, ಟೆಸ್ಟ್ ಲ್ಯಾಂಪ್ ಹಿಡಿದು ಸ್ವಿಚ್ಚಿನಿಂದ ಶುರುಮಾಡಿದ. ಬಟ್ಟೆ ಸುತ್ತಿದ ವೈರುಗಳ ಬಣ್ಣಗಳೆಲ್ಲ ಕಾಫಿ ಪುಡಿಯ ಬಣ್ಣವೊಂದೇ ಆಗಿದ್ದವು. ಮ್ಯಾಟಿನ ಅಡಿಯವರೆಗೆ ಲ್ಯಾಂಪ್ ಉರಿಯಿತು, ಕಂಬದೊಳಗೆ ಉರಿಯಲಿಲ್ಲ. ಬಿಚ್ಚಿದರೆ, ಮೇಷ್ಟ್ರು ಎಂದೋ ಹಾಕಿದ ಜಾಯಿಂಟ್. ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ಸುತ್ತಿದ್ದರು. ಒಳಗೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು. ತೇಜಸ್ ಹೊಸ ವೈರು ಬೆಸೆದ, ಪಟ್ಟಿಯ ಕೀಲನ್ನು ಪೆಟ್ರೋಲಿನಲ್ಲಿ ತೊಳೆದು ಎಣ್ಣೆ ಬಿಟ್ಟ. ತನ್ನ ಕೆಲಸಕ್ಕೆ ತಾನೇ ಮರುಳಾಗುವಷ್ಟು ಚೆನ್ನಾಗಿ ಮಾಡಿದ.

ಸಂಜೆ ಟೀಚರ್ ಸೀರೆ ಬದಲಾಯಿಸಿ ಬಂದು ಎಡಗಡೆ ಸೀಟಿನಲ್ಲಿ ಕುಳಿತರು. ರಸ್ತೆಯ ಕೊನೆಯವರೆಗೆ ಹೋಗಿ ಹಿಂತಿರುಗಿದಾಗ ಗೇಟಿನ ತಿರುವು ಬಂತು. ಟೀಚರ್ ನೆಟ್ಟಗಾದರು, ಮುಷ್ಟಿ ಕಟ್ಟಿ ಕಿವಿಯ ಪಕ್ಕಕ್ಕೆ ಎತ್ತಿದರು. ತೇಜಸ್ ಸ್ವಿಚ್ ತಿರುಗಿಸಿದ. ಟಕ್ ಎಂದು ಕೈ ಎದ್ದು ನಿಂತಿತು.

“ಓ,” ಎಂದರು ಟೀಚರ್. “ಎದ್ದೇ ಬಿಡ್ತು.”

ಮುಷ್ಟಿ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಮಡಿಲಿಗೆ ಇಳಿಯಿತು.

“ಚೆನ್ನಾಗಿ ಮಾಡಿದೀಯಪ್ಪ,” ಎಂದರು, ಶೆಡ್ಡಿನಲ್ಲಿ ಇಳಿಯುವಾಗ. ಕಾಫಿ ಕೊಡುವಾಗ ಮತ್ತೊಂದು ಮಾತು ಹೇಳಿದರು. “ಇವರು ಎಂಬತ್ತನಾಲ್ಕರಲ್ಲಿ ಅಮ್ಮತ್ತಿಯ ಎಸ್ಟೇಟಿನಿಂದ ತಂದಾಗಲೇ ಆ ಕೈ ಸೋಮಾರಿ. ಕಂಬಕ್ಕೆ ಗುದ್ದಿದ್ರೇ ಏಳ್ತಿದ್ದದ್ದು. ಸ್ಟೇರಿಂಗ್ ಬಿಟ್ಟು ಇವರ ಕೈಗೆ ಎಟುಕ್ತಿರ್ಲಿಲ್ಲ. ತಿರುವು ಬಂತು ಅಂದ್ರೆ ‘ಗೋಮತೀ, ಕೈ!’ ಅಂತಿದ್ರು. ನಾನು ಗುದ್ದೋದು. ಜಗಳ ಆಡಿ ಮಾತು ಬಿಟ್ಟ ದಿನವೂ ಅದೊಂದು ಮಾತು ಆಡಲೇಬೇಕಿತ್ತು ನೋಡು.”

ತೇಜಸ್ ಕಾಫಿ ಲೋಟ ಕೆಳಗಿಟ್ಟ. ಎರಡು ದಿನ ಒದ್ದಾಡಿ ಅವನು ಸರಿಮಾಡಿದ್ದು, ಸರಿಮಾಡಲೇಬಾರದಿದ್ದ ಭಾಗವನ್ನು.

ಗುರುವಾರ ಎಂಟಕ್ಕೇ ಶೆಡ್ಡಿನಲ್ಲಿದ್ದ. ನೆಲದ ಕೆಮ್ಮಣ್ಣನ್ನು ಹಳೇ ಗ್ರೀಸಿನಲ್ಲಿ ಕಲಸಿ, ನಿನ್ನೆ ತೊಳೆದ ಕೀಲಿಗೇ ಮೆತ್ತಿದ. ಗಾಡಿ ಕೆಡಿಸುವುದು ಅವನಿಗೆ ಹೊಸದಲ್ಲ, ಬೇಕೆಂದೇ ಕೆಡಿಸಿದ್ದು ಮಾತ್ರ ಮೊದಲ ಸಲ.

“ಟೀಚರ್, ಕೈ ಮತ್ತೆ ಏಳ್ತಿಲ್ಲ. ಒಂದು ರೌಂಡ್ ನೋಡಾಣ ಬನ್ನಿ.”

“ನಿನ್ನೆ ಸರಿ ಇತ್ತಲ್ಲ?”

“ಹಳೇ ಗಾಡಿ ಅಲ್ವಾ. ಅದ್ರ ಬುದ್ಧಿ.”

ಟೀಚರ್ ಅವನ ಕೆಂಪು ಮೆತ್ತಿದ ಬೆರಳುಗಳನ್ನು ನೋಡಿದರು. ಹತ್ತಿ ಎಡಗಡೆ ಸೀಟಿನಲ್ಲಿ ಕುಳಿತರು.

ತಿರುವಿನ ಹತ್ತಿರ ತೇಜಸ್ ಸ್ವಿಚ್ ತಿರುಗಿಸಿದ. ಕಂಬದೊಳಗೆ ಗುರ್ ಎಂದಿತು, ಏಳಲಿಲ್ಲ. ಹೆಸರು ಹಿಡಿದು ಕರೆಯಲು ಅವನು ಯಾರು?

“ಟೀಚರ್... ಕೈ.”

ಟೀಚರ್ ಗುದ್ದಿದರು. ಏಳಲಿಲ್ಲ. ಇನ್ನೊಮ್ಮೆ ಗುದ್ದಿದರು, ಎಪ್ಪತ್ತೆರಡರ ಮುಷ್ಟಿಯಲ್ಲಿ ಅಷ್ಟು ಬಲವಿದೆಯೆಂದು ತೇಜಸ್‌ಗೆ ಗೊತ್ತಿರಲಿಲ್ಲ. ಕೈ ಎದ್ದು, ಬೆಳಗಿನ ಮಂಜಿನಲ್ಲಿ ಕಿತ್ತಳೆಯಾಗಿ ನಿಂತಿತು. ಟೀಚರ್ ಅದನ್ನು ನೋಡಲಿಲ್ಲ. ಥಟ್ಟನೆ ಬಲಕ್ಕೆ ತಿರುಗಿ ಸ್ಟೇರಿಂಗ್ ಹಿಡಿದವನ ಮುಖ ನೋಡಿದರು, ಆಮೇಲೆ ಮೆಲ್ಲಗೆ ರಸ್ತೆಯ ಕಡೆ ತಿರುಗಿದರು.

“ಇನ್ನೂ ಜೋರಾಗಿ ಹೇಳ್ಬೇಕಿತ್ತು ನೀನು,” ಎಂದರು. “ಇವರು ಇಡೀ ರಸ್ತೆಗೆ ಕೇಳೋ ಹಾಗೆ ಕೂಗ್ತಿದ್ರು.”

ಹತ್ತಕ್ಕೆ ಬರಬೇಕಿದ್ದ ಲಾರಿ ಆಗಲೇ ಗೇಟಿನ ಮುಂದೆ ಬಂದು ನಿಂತಿತ್ತು. ತೇಜಸ್ ಎಡಕ್ಕೆ ತಿರುಗಲಿಲ್ಲ. ಎದ್ದ ಕೈಯನ್ನು ಮಲಗಿಸಿ, ಲಾರಿಯವನ ಹಾರನ್ ಕೇಳಿಸದವನಂತೆ, ಇನ್ನೊಂದು ಸುತ್ತಿಗೆ ಕಾರನ್ನು ನೇರ ಮುಂದಕ್ಕೆ ಬಿಟ್ಟ.

ಪಕ್ಕದಲ್ಲಿ ಟೀಚರ್ ಆಗಲೇ ಮುಷ್ಟಿ ಕಟ್ಟಿಕೊಂಡಿದ್ದರು.